ಬಿಪಿ ಜಾಸ್ತಿ ಇದ್ದರೆ ಕಿಡ್ನಿ ಏಕೆ ಹಾಳಾಗುತ್ತದೆ?

ಕಿಡ್ನಿಯ ಸೂಕ್ಷ್ಮ ರಕ್ತನಾಳಗಳಿಗೆ ಆ ಒತ್ತಡವನ್ನು ವರ್ಷಗಟ್ಟಲೆ ತಡೆದುಕೊಳ್ಳಲು ಆಗುವುದಿಲ್ಲ, ಅದಕ್ಕೆ.

ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು 10 ಲಕ್ಷ ಘಟಕಗಳಿವೆ. ಪ್ರತಿಯೊಂದಕ್ಕೂ ರಕ್ತ ತರುವ ಪುಟ್ಟ ನಾಳ, ಬಿಪಿ ಏರಿದಾಗ ತಾನೇ ಬಿಗಿಯಾಗಿ ಒಳಗಿನ ಒತ್ತಡ ಏರದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ದಿನನಿತ್ಯದ ಏರಿಳಿತದಿಂದ ತೊಂದರೆಯಿಲ್ಲ. ಆದರೆ ಬಿಪಿ ಸದಾ ಜಾಸ್ತಿಯೇ ಇದ್ದರೆ ಆ ನಾಳದ ಗೋಡೆ ದಪ್ಪಗಾಗಿ ಗಡುಸಾಗುತ್ತದೆ. ಆಗ ಕೆಲವು ಘಟಕಗಳು ರಕ್ತ ಸಾಲದೆ ಸಾಯುತ್ತವೆ. ಇನ್ನು ಕೆಲವಕ್ಕೆ ತಡೆಯೇ ಇಲ್ಲದೆ ಒತ್ತಡ ನುಗ್ಗಿ, ಸೋಸುವ ಪದರ ಹಾಳಾಗಿ, ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಸಕ್ಕರೆ ಕಾಯಿಲೆಯಲ್ಲೂ ಈ ನಿಯಂತ್ರಣ ಸಡಿಲವಾಗುತ್ತದೆ. ಎರಡೂ ಇದ್ದವರಿಗೆ ಅಪಾಯ ಜಾಸ್ತಿ.

ಸತ್ತ ಘಟಕ ಮತ್ತೆ ಹುಟ್ಟುವುದಿಲ್ಲ. ನೋವೂ ಇರುವುದಿಲ್ಲ, ಭಯ ಇರುವುದೇ ಅಲ್ಲಿ. ದಯವಿಟ್ಟು ಬಿಪಿ ಇದ್ದವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಪರೀಕ್ಷೆ ಮಾಡಿಸಿ.