ಓದುಗರ ಪ್ರಶ್ನೆ: ರಸ್ತೆಯಿಲ್ಲದ ಬಂದರು

ಪ್ರಶ್ನೆ: ನನ್ನ ಅಣ್ಣನ ಮಗ ಮರ್ಚೆಂಟ್ ನೇವಿಯಲ್ಲಿದ್ದಾನೆ. ಪೆರು ದೇಶದ ಇಕಿಟೋಸ್ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ಆದರೆ ಕಾಡಿನ ನಡುವೆ ಸಮುದ್ರದ ಹಡಗು ಹೋಗುತ್ತದೆ ಅನ್ನುತ್ತಾನೆ. ಸುಮ್ನೆ ರೈಲು ಬಿಡುತ್ತಿದ್ದಾನಾ? (ಡೊಂಬಿವಲಿ)

ಉತ್ತರ: ಇಲ್ಲಮ್ಮ, ನಿಜವನ್ನೇ ಹೇಳಿದ್ದಾನೆ. ಅಟ್ಲಾಂಟಿಕ್ ಕಡಲಿಂದ ಅಮೆಜಾನ್ ನದಿಯಲ್ಲಿ ಸುಮಾರು 3,600 ಕಿ.ಮೀ. ಒಳಗೆ ಹೋದರೆ ಇಕಿಟೋಸ್ ಸಿಗುತ್ತದೆ. ಅಷ್ಟು ದೂರ ಹೋದರೂ ಊರು ಸಮುದ್ರಮಟ್ಟದಿಂದ ಬರೀ ನೂರು ಮೀಟರಿನ ಆಸುಪಾಸಿನಲ್ಲಿದೆ. ನಿಮ್ಮ ಪಕ್ಕದ ಉಲ್ಹಾಸ್ ನದಿ ಖಂಡಾಲದ ಕಡೆ ಘಟ್ಟದಲ್ಲಿ ಹುಟ್ಟಿ ನೂರಿಪ್ಪತ್ತು ಕಿ.ಮೀ.ಯಲ್ಲೇ ವಸಯಿ ಖಾಡಿ ಸೇರಿಬಿಡುತ್ತದೆ. ಅಮೆಜಾನಿಗೆ ಆ ಅವಸರವಿಲ್ಲ. ದಾರಿಯಲ್ಲಿ ಜಲಪಾತವಿಲ್ಲ, ನೀರಿಗೆ ಆಳವಿದೆ, ಹಾಗಾಗಿ ಮಧ್ಯಮ ಗಾತ್ರದ ಹಡಗು ಅಲ್ಲಿಯವರೆಗೂ ಹೋಗಬಲ್ಲದು. ರಸ್ತೆ ಅಂತ ಇರುವುದು ನೌಟಾ ಊರಿನವರೆಗೆ, ಸುಮಾರು 100 ಕಿ.ಮೀ. ಅದರಾಚೆ ಮತ್ತೆ ನದಿಯೇ. ಲಿಮಾದಿಂದ ವಿಮಾನ ಹತ್ತಬೇಕು, ಇಲ್ಲವೇ ಪುಕಾಲ್ಪಾದಿಂದಲೋ ಯುರಿಮಾಗುವಾಸ್‌ನಿಂದಲೋ ಲಾಂಚ್ ಹಿಡಿದು, ಸಿಮೆಂಟು, ಅಕ್ಕಿ, ಕೋಳಿಗಳ ಜೊತೆ ಡೆಕ್ಕಿನ ಮೇಲೆ ಜೋಲಿ ಕಟ್ಟಿಕೊಂಡು ದಿನಗಟ್ಟಲೆ ಮಲಗಿರಬೇಕು. ಊರೊಳಗೆ ಮಾತ್ರ ಎಲ್ಲಿ ನೋಡಿದರೂ ಮೂರು ಚಕ್ರದ ರಿಕ್ಷಾ, ಆ ಗದ್ದಲದಲ್ಲಿ ನಮ್ಮವರಿಗೆ ಬೇಸರವೇ ಆಗಲಿಕ್ಕಿಲ್ಲ!

ಪ್ರಶ್ನೆ: ಅಲ್ಲೂ ನಮ್ಮ ಹಾಗೆ ಮಳೆಗೆ ಮನೆಯೊಳಗೆ ನೀರು ನುಗ್ಗುತ್ತದಾ? (ಕುರ್ಲಾ)

ಉತ್ತರ: ನುಗ್ಗುತ್ತದೆ, ಆದರೆ ಹೇಳಿ ಕೇಳಿ ಬರುತ್ತದೆ. ಮಳೆ ಅಲ್ಲಿ ವರ್ಷವಿಡೀ ಇದೆ. ನದಿ ಏರುವುದು ಮುಖ್ಯವಾಗಿ ಮೇಲೆ ಆಂಡೀಸ್ ಬೆಟ್ಟಗಳಲ್ಲಿ ಬಿದ್ದ ಮಳೆಯಿಂದ. ಏಪ್ರಿಲ್-ಮೇ ಹೊತ್ತಿಗೆ ತುಂಬುತ್ತದೆ, ಸೆಪ್ಟೆಂಬರ್-ಅಕ್ಟೋಬರಿಗೆ ಇಳಿಯುತ್ತದೆ. ಎರಡರ ನಡುವೆ ಸುಮಾರು 10 ಮೀಟರ್ ವ್ಯತ್ಯಾಸ, ಅಂದರೆ ಮೂರು ಮಾಳಿಗೆ! ಬೆಲೆನ್ ಎಂಬ ಬಡಾವಣೆಯಲ್ಲಿ ಕೆಲವು ಮನೆಗಳು ಉದ್ದ ಕಂಬಗಳ ಮೇಲಿವೆ, ಕೆಲವು ದಿಮ್ಮಿಗಳ ತೆಪ್ಪದ ಮೇಲಿದ್ದು ನೀರಿನ ಜೊತೆಗೇ ಮೇಲೇಳುತ್ತವೆ. ಫೋಟೋದಲ್ಲಿ ಚಂದ ಕಾಣುತ್ತದೆ ಬಿಡಿ. ಆದರೆ ಅದು ಬಡವರ ಕೇರಿ, ಗಲೀಜು ನೀರೂ ಅಲ್ಲೇ, ಮಕ್ಕಳ ಈಜೂ ಅಲ್ಲೇ.

ಪ್ರಶ್ನೆ: ಸುಳ್ಯದಲ್ಲಿ ನಮ್ಮದು ರಬ್ಬರ್ ತೋಟ. ಆ ಮರ ಅಲ್ಲಿಂದ ಬಂದದ್ದಾ? ಒಮ್ಮೆ ಹೋಗಿ ನೋಡುವ ಆಸೆ. (ಕಾಂದಿವಲಿ)

ಉತ್ತರ: ಅಮೆಜಾನ್ ಕಾಡಿನ ಮರವೇ ಅದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಬ್ರೆಜಿಲ್‌ನಿಂದ ಬೀಜ ಲಂಡನ್ನಿಗೆ ಸಾಗಿಸಿದ, ಅಲ್ಲಿಂದ ಸಸಿಗಳು ಸಿಲೋನ್, ಮಲಯಾ ಸೇರಿದವು. ಅತ್ತ ಇಕಿಟೋಸ್‌ನ ಸಾಹುಕಾರರು ರಬ್ಬರ್ ದುಡ್ಡಲ್ಲಿ ಯುರೋಪಿನಿಂದ ಟೈಲ್ಸ್ ತರಿಸಿ ಬಂಗಲೆ ಕಟ್ಟಿಸುತ್ತಿದ್ದರು. ಕಬ್ಬಿಣದ ಮನೆಯೂ ಒಂದಿದೆ, ಐಫೆಲ್ ಟವರಿನ ಐಫೆಲ್ ಮಾಡಿದ್ದು ಅನ್ನುತ್ತಾರೆ, ಜಾಸ್ತಿ ನಂಬಬೇಡಿ. ಆ ದುಡ್ಡಿನ ಹಿಂದೆ ಪುಟುಮಾಯೊ ಕಾಡಿನ ಮೂಲನಿವಾಸಿಗಳ ರಕ್ತವಿತ್ತು. ಚಾಟಿಯೇಟು, ಉಪವಾಸ, ಕೊಲೆ ಎಲ್ಲವನ್ನೂ 1910ರಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿ ರೋಜರ್ ಕೇಸ್‌ಮೆಂಟ್ ಅಲ್ಲಿಗೇ ಹೋಗಿ ವಿಚಾರಿಸಿ ವರದಿ ಬರೆದ. ಮುಂದೆ ಏಷ್ಯಾದ ತೋಟಗಳ ಅಗ್ಗದ ರಬ್ಬರ್ ಬಂದು ಇಕಿಟೋಸ್‌ನ ವ್ಯಾಪಾರ ಕುಸಿಯಿತು.

ಹೋಗುವುದಾದರೆ ಕನಿಷ್ಠ 10 ದಿನ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಆ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಅದಿಲ್ಲದೆ ವಾಪಸ್ ಬಂದರೆ ಏರ್‌ಪೋರ್ಟಿನಿಂದ ಸೀದಾ ಕ್ವಾರಂಟೈನ್‌ಗೆ ಕಳಿಸಬಹುದು.