ಆಪ್ತಸಲಹೆ ಪ್ರಕರಣ: ವಾರ್ತೆ ಓದುವ ಕೆಲಸ ಬಿಟ್ಟು ಧಾರಾವಾಹಿಗೆ ಹೋಗುವುದೇ?

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದ ನಿರೂಪಕಿಯ ವಯಸ್ಸು 31. ಸುದ್ದಿವಾಹಿನಿಯೊಂದರಲ್ಲಿ ಏಳು ವರ್ಷದ ಕೆಲಸ. ಮೊದಲೆರಡು ವರ್ಷ ಡೆಸ್ಕ್‌ನಲ್ಲಿ ಸುದ್ದಿ ತಿದ್ದುವ ಕೆಲಸ, ಆಮೇಲೆ ನಿರೂಪಣೆ. ಕಳೆದ ವರ್ಷ ರಾತ್ರಿಯ ಮುಖ್ಯ ಬುಲೆಟಿನ್ ಕಿರಿಯ ನಿರೂಪಕಿಯೊಬ್ಬರ ಪಾಲಾಯಿತು, ಈಕೆಗೆ ನಸುಕಿನ ಪಾಳಿ ಬಂತು. ಕಾರಣ ಕೇಳಿದರೆ, "ಫ್ರೆಶ್ ಫೇಸ್ ಬೇಕಂತೆ." ಜೊತೆಯಲ್ಲಿ ವಾರ್ತೆ ಓದುತ್ತಿದ್ದ, ಈಕೆಗಿಂತ ಹದಿನೈದು ವರ್ಷ ದೊಡ್ಡವರಾದ ಪುರುಷ ನಿರೂಪಕರು ಮಾತ್ರ ಅಲ್ಲೇ ಉಳಿದರು. ಆ ಹೊತ್ತಿಗೆ ದೈನಿಕ ಧಾರಾವಾಹಿಯೊಂದರ ಎರಡನೇ ನಾಯಕಿಯ ಪಾತ್ರಕ್ಕೆ ಕರೆ ಬಂದಿತ್ತು. "ಇನ್ನೆರಡು ವರ್ಷ ಹೋದರೆ ಯಾರೂ ಕರೆಯಲ್ಲ ಮೇಡಂ. ಈಗಲೇ ರಾಜೀನಾಮೆ ಕೊಟ್ಟುಬಿಡಲಾ?" ಎಂದು ಕೇಳಿದರು.

ನೋವಿನ ಬಿಸಿಯಲ್ಲಿ ಕೊಡುವ ರಾಜೀನಾಮೆ ಬೇಡ ಎಂದು ಮೊದಲು ಹೇಳಿದೆವು. ಆ ನೋವು ನ್ಯಾಯವಾದದ್ದೇ, ತಮ್ಮಲ್ಲೇ ಏನೋ ಕೊರತೆಯಿದೆ ಎಂದು ಅವರು ಕೊರಗಬೇಕಿರಲಿಲ್ಲ. ಅಮೆರಿಕದ ಟಿವಿ ನಿರೂಪಕಿ ಕ್ರಿಸ್ಟೀನ್ ಕ್ರಾಫ್ಟ್ ಅವರನ್ನು 1981ರಲ್ಲಿ ನಿರೂಪಣೆಯಿಂದ ಕೆಳಗಿಳಿಸಿದಾಗ ಚರ್ಚೆಗೆ ಬಂದದ್ದೂ ವಯಸ್ಸು ಮತ್ತು ರೂಪವೇ. ಬಿಬಿಸಿಯ ನಿರೂಪಕಿ ಮಿರಿಯಂ ಓ'ರೈಲಿ 2011ರಲ್ಲಿ ವಯೋತಾರತಮ್ಯದ ದೂರಿನಲ್ಲಿ ಗೆದ್ದರು. ನಮ್ಮಲ್ಲಿಗೆ ಬಂದ ನಿರೂಪಕಿಗೂ ಪಾಳಿ ಬದಲಾವಣೆಯ ಮೇಲ್, ಹಳೆಯ ಮೌಲ್ಯಮಾಪನದ ಪತ್ರ, "ಫ್ರೆಶ್ ಫೇಸ್" ಮಾತು ಬಂದ ದಿನಾಂಕ, ಎಲ್ಲವನ್ನೂ ಒಂದೆಡೆ ತೆಗೆದಿಡಲು ತಿಳಿಸಿದೆವು.

ಆಮೇಲೆ ಒಂದು ವಾರದ ಕೆಲಸವನ್ನು ಗಂಟೆವಾರು ಬರೆದು ತರಲು ಹೇಳಿದೆವು. ಕ್ಯಾಮೆರಾ ಮುಂದೆ ಇದ್ದದ್ದಕ್ಕಿಂತ ಹೆಡ್‌ಲೈನ್ ತಿದ್ದಿದ್ದು, ರನ್‌ಡೌನ್ (ಬುಲೆಟಿನ್‌ನ ಸುದ್ದಿಗಳ ಕ್ರಮಪಟ್ಟಿ) ಹೊಂದಿಸಿದ್ದು, ಅತಿಥಿಗಳಿಗೆ ಫೋನ್ ಮಾಡಿದ್ದರಲ್ಲೇ ಹೆಚ್ಚು ಹೊತ್ತು ಹೋಗಿತ್ತು. ಒಂದು ದಿನ ನೇರಪ್ರಸಾರದ ಲಿಂಕ್ ಕಡಿದು, ಕಿವಿಯಲ್ಲಿನ ಟಾಕ್‌ಬ್ಯಾಕ್‌ನಲ್ಲಿ ಕಂಟ್ರೋಲ್ ರೂಮಿನವರು "ಎಳೀರಿ, ಎಳೀರಿ" (ಹೊತ್ತು ತುಂಬಿಸಿ) ಎಂದಾಗ, ಸ್ಟುಡಿಯೋದಲ್ಲಿದ್ದ ಅತಿಥಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ನಾಲ್ಕು ನಿಮಿಷ ತುಂಬಿಸಿದ್ದರು. ಓದಬೇಕಾದ ಸಾಲು ತೋರಿಸುವ ಪ್ರಾಂಪ್ಟರ್‌ನಲ್ಲಿ ಒಂದಕ್ಷರವೂ ಇರಲಿಲ್ಲ. ಇದನ್ನು ಅವರು ಕೌಶಲವೆಂದೇ ಎಣಿಸಿರಲಿಲ್ಲ. ಮುಖ ಹಳೆಯದಾಯಿತು ಎನ್ನುವವರ ಮುಂದೆಯೂ ಬೆಲೆ ಉಳಿಸಿಕೊಳ್ಳುವುದು ಇಂಥ ಕೆಲಸವೇ.

ಧಾರಾವಾಹಿಯ ಕರಾರನ್ನು ಸಾಲುಸಾಲಾಗಿ ಓದಿದೆವು. ತಿಂಗಳಿಗೆ 20 ದಿನದ ಡೇಟ್ಸ್ (ಚಿತ್ರೀಕರಣಕ್ಕೆ ಮೀಸಲಿಡುವ ದಿನಗಳು) ಕಾದಿರಿಸಬೇಕು. ಆದರೆ ಸಂಭಾವನೆ ಚಿತ್ರೀಕರಣವಾದ ದಿನಕ್ಕೆ ಮಾತ್ರ. ಕಥೆ ಬೇರೆ ಪಾತ್ರಗಳತ್ತ ಹೊರಳಿದರೆ ಎಂಟೇ ದಿನದ ದುಡ್ಡು ಕೈಗೆ ಬರುತ್ತದೆ, ಉಳಿದ ಹನ್ನೆರಡು ದಿನ ಬೇರೆ ಕಡೆ ದುಡಿಯುವಂತೆಯೂ ಇಲ್ಲ. ಬಿಲ್ ಕೊಟ್ಟ 90 ದಿನಕ್ಕೆ ಪಾವತಿ, ಅಂದರೆ ಮೊದಲ ಹಣ ಬರುವಾಗ ನಾಲ್ಕನೇ ತಿಂಗಳು ದಾಟಿರುತ್ತದೆ. ಅವರ ಉಳಿತಾಯ ಎರಡೇ ತಿಂಗಳಿಗೆ ಸಾಕಾಗುವಷ್ಟಿತ್ತು. ಈ ದಾರಿ ಹಿಡಿಯುವವರಿಗೆ ಆರು ತಿಂಗಳ ಖರ್ಚಾದರೂ ಕೈಯಲ್ಲಿರಬೇಕು. ನಿರ್ಮಾಣ ಸಂಸ್ಥೆ ಪಾತ್ರವನ್ನು ಯಾವಾಗ ಬೇಕಾದರೂ ಮುಗಿಸಬಹುದು, ನಟಿ ಬಿಡಬೇಕಾದರೆ 60 ದಿನದ ನೋಟಿಸ್ ಕೊಡಬೇಕು. ಇನ್ನು ಕಥೆ ಹದಿನೈದು ವರ್ಷ ಮುಂದಕ್ಕೆ ಜಿಗಿದರೆ ಏನು ಎಂಬುದರ ಬಗ್ಗೆ ಮಾತೇ ಇರಲಿಲ್ಲ. ರೇಟಿಂಗ್ ಕುಸಿದಾಗ ಇಂಥ ಜಿಗಿತ, ಅಂದರೆ ಲೀಪ್, ತರುವುದುಂಟು. ಹಾಗಾದಾಗ 31ರ ನಟಿ ಬೆಳೆದ ಮಕ್ಕಳ ತಾಯಿಯಾಗುತ್ತಾಳೆ, ಮುಂದೆಯೂ ಅಂಥವೇ ಪಾತ್ರಗಳು ಬರುತ್ತವೆ.

ಸುದ್ದಿಯಿಂದ ನಟನೆಗೆ ಹೋಗುವುದು ಸಾಧ್ಯ, ನಟನೆಯಿಂದ ಗಂಭೀರ ಸುದ್ದಿಗೆ ಮರಳುವುದು ಬಹಳ ಕಷ್ಟ. ನಿನ್ನೆ ಧಾರಾವಾಹಿಯಲ್ಲಿ ಸಂಚು ಹೂಡಿದ ಮುಖ ಇಂದು ಚುನಾವಣಾ ಫಲಿತಾಂಶ ಓದಿದರೆ ವೀಕ್ಷಕರು ನಂಬುತ್ತಾರೆಯೇ ಎಂಬ ಅಳುಕು ಸಂಪಾದಕರಿಗಿರುತ್ತದೆ. ಮನರಂಜನಾ ಕಾರ್ಯಕ್ರಮಗಳ ನಿರೂಪಣೆಗೆ ಆ ತೊಡಕಿಲ್ಲ. ಎರಡನ್ನೂ ಒಟ್ಟಿಗೆ ನಡೆಸಲು ಇವರ ಈಗಿನ ಕರಾರೇ ಬಿಡುತ್ತಿರಲಿಲ್ಲ.

ಹಾಗಾಗಿ ಒಂದೇ ವಾರದಲ್ಲಿ ಎರಡು ಪತ್ರ ಬರೆಯಲು ಸಲಹೆ ಕೊಟ್ಟೆವು. ಸಂಪಾದಕರಿಗೆ: ಮೂರು ತಿಂಗಳ ಮಟ್ಟಿಗೆ ಸಂದರ್ಶನ ಕಾರ್ಯಕ್ರಮದ ನಿರ್ಮಾಣ ಮತ್ತು ನಿರೂಪಣೆ ಎರಡನ್ನೂ ವಹಿಸಿ, ಹೆಸರು ನಿರ್ಮಾಪಕಿಯಾಗಿಯೂ ಬರಲಿ ಎಂಬ ಕೋರಿಕೆ. ನಿರ್ಮಾಣ ಸಂಸ್ಥೆಗೆ: ತಿಂಗಳಿಗೆ ಕನಿಷ್ಠ 12 ದಿನದ ಸಂಭಾವನೆ ಖಾತರಿ, 45 ದಿನದೊಳಗೆ ಪಾವತಿ, ಇಬ್ಬರಿಗೂ ಸಮಾನ ನೋಟಿಸ್, ಲೀಪ್ ಬಂದರೆ 30 ದಿನದಲ್ಲಿ ಹೊರಬರುವ ಹಕ್ಕು. ಜೊತೆಗೆ ಶೋರೀಲ್ (ತಮ್ಮ ಕೆಲಸದ ತುಣುಕುಗಳ ವಿಡಿಯೋ) ಎರಡು ಬೇರೆ ಬೇರೆ ಇರಲಿ, ಒಂದೊಂದೂ ಎರಡು ನಿಮಿಷ ಮೀರದಿರಲಿ ಎಂದೆವು. ಒಂದೇ ರೀಲ್‌ನಲ್ಲಿ ಸುದ್ದಿ, ಅಭಿನಯ ಎರಡನ್ನೂ ಬೆರೆಸಿದರೆ ನೋಡುವ ಸುದ್ದಿವಾಹಿನಿಯವರಿಗೂ ಧಾರಾವಾಹಿಯವರಿಗೂ ಬೇಕಾದದ್ದು ಸಿಗುವುದಿಲ್ಲ. ಆಡಿಷನ್‌ಗೆ ಹಣ ಕೇಳಿದರೆ, ಕಚೇರಿ ಬಿಟ್ಟು ಬೇರೆಡೆ ಕರೆದರೆ ಮಾತು ಅಲ್ಲಿಗೇ ಮುಗಿಸಬೇಕು.

ನಿರ್ಮಾಣ ಸಂಸ್ಥೆ ಕನಿಷ್ಠ ದಿನಗಳಿಗೂ ಪಾವತಿಯ ಗಡುವಿಗೂ ಒಪ್ಪಿತು, ಲೀಪ್ ವಿಷಯದಲ್ಲಿ ಜಗ್ಗಲಿಲ್ಲ. ಹಾಗಾಗಿ ನಿರೂಪಕಿ ಆ ಪಾತ್ರ ಬಿಟ್ಟರು. ವಾಹಿನಿ ವಾರಾಂತ್ಯದ ಅರ್ಧ ಗಂಟೆಯ ಸಂದರ್ಶನ ಕೊಟ್ಟಿದೆ, ನಸುಕಿನ ಪಾಳಿ ವಾರಕ್ಕೆ ಎರಡಕ್ಕೆ ಇಳಿದಿದೆ. ನಟನೆಯ ಆಸೆ ಇನ್ನೂ ಇದೆ, ಇರಬೇಕಾದದ್ದೇ. ಪೂರ್ತಿ ಚಿತ್ರಕಥೆ ಸಿದ್ಧವಿರುವ, ಚಿತ್ರೀಕರಣದ ದಿನಗಳು ಮೊದಲೇ ಗೊತ್ತಾಗಿರುವ ಕಿರುಸರಣಿಗಳಿಗೆ ಮಾತ್ರ ಆಡಿಷನ್ ಕೊಡಿ, ಡೇಟ್ಸ್ ಕೊಡುವ ಮುಂಚೆ ವಾಹಿನಿಯ ಲಿಖಿತ ಅನುಮತಿ ಪಡೆಯಿರಿ ಎಂದು ತಿಳಿಸಿದ್ದೇವೆ.