ಒಂದು ಕೋಣೆಗೆ ಯಾವ ಎಸಿ?

ಪ್ರಶ್ನೆ: ಮನೆಗೆಲ್ಲ ಸೇರಿ ಸೆಂಟ್ರಲ್ ಎಸಿ ಇಲ್ಲ. ಮಲಗುವ ಕೋಣೆಗೆ ಮಾತ್ರ ಒಂದು ಬೇಕು. ಕಿಟಕಿ ಎಸಿ, ಸ್ಪ್ಲಿಟ್, ಪೋರ್ಟಬಲ್, ಇವುಗಳಲ್ಲಿ ಕರೆಂಟ್ ಕಡಿಮೆ ತಿನ್ನುವುದು ಯಾವುದು?

ಉತ್ತರ: ಗೋಡೆಗೆ ಹಾಕಲು ಅವಕಾಶ ಇದ್ದರೆ ಇನ್ವರ್ಟರ್ ಸ್ಪ್ಲಿಟ್ ತಗೊಳ್ಳಿ. ಕೋಣೆ ತಣ್ಣಗಾದ ಮೇಲೆ ಅದರ ಕಂಪ್ರೆಸರ್ ಪದೇ ಪದೇ ನಿಂತು ಶುರುವಾಗುವ ಬದಲು ವೇಗ ತಗ್ಗಿಸಿಕೊಂಡು ಓಡುತ್ತದೆ, ಉಳಿತಾಯ ಬರುವುದೇ ಅಲ್ಲಿಂದ. ಒಂದೇ ಪೈಪಿನ ಪೋರ್ಟಬಲ್ ಮಾತ್ರ ದಯವಿಟ್ಟು ಬೇಡ. ಅದು ಕೋಣೆಯ ಗಾಳಿಯನ್ನೇ ಹೊರಗೆ ತಳ್ಳುತ್ತದೆ, ಆ ಜಾಗ ತುಂಬಲು ಬಿಸಿ ಗಾಳಿ ಸಂದಿಗಳಿಂದ ಒಳಗೆ ನುಗ್ಗುತ್ತದೆ. ಎಸಿ ಓಡುವಾಗ ಬಾಗಿಲ ಕೆಳಗೆ ಕೈ ಇಟ್ಟು ನೋಡಿ, ಗೊತ್ತಾಗುತ್ತದೆ.

ಇರಲಿ ಅಂತ ಸುಮ್ನೆ ಜಾಸ್ತಿ ಟನ್ನಿನದು ತರಬೇಡಿ. 1 ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಒಂದು ಮಾನ), ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕುವ ಶಕ್ತಿ. ಅಳತೆ ಮೀರಿದ್ದು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ಹಾಗೇ ಉಳಿದು ಮೈಯೆಲ್ಲ ಅಂಟು ಅಂಟು. ಬಿಸಿಲು ಬೀಳುವ ಕಿಟಕಿಗೆ ಮೊದಲು ಹೊರಗಡೆಯಿಂದ ನೆರಳು ಮಾಡಿ, ಟನ್ ಲೆಕ್ಕ ಆಮೇಲೆ. ಲೇಬಲ್‌ನಲ್ಲಿ ಇಡೀ ಸೀಸನ್ನಿನ ದಕ್ಷತೆಯ ಅಂಕಿ ಇದ್ದರೆ ಅದನ್ನೇ ಹೋಲಿಸಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಫಿಲ್ಟರ್ ಆಗಾಗ ತೊಳೆಯಿರಿ.